ಇದ್ದಷ್ಟನ್ನೇ ಹಂಚಿ ಆಕಾಶ ಕಾಯ್ದ ಡೌಡಿಂಗ್

2025ರ ಮೇ ತಿಂಗಳಲ್ಲಿ ಪಶ್ಚಿಮ ಗಡಿಯ ಮೇಲೆ ಡ್ರೋನ್‌ಗಳು ಹಿಂಡು ಹಿಂಡಾಗಿ ಬಂದ ರಾತ್ರಿಗಳಲ್ಲಿ ನಮ್ಮ ಟೀವಿ ಚಾನೆಲ್‌ಗಳು ಕ್ಷಿಪಣಿಗಳ ನಾಮಸ್ಮರಣೆಯಲ್ಲಿ ಮುಳುಗಿಹೋಗಿದ್ದವು. ಎಸ್-400 ಅಂತೆ, ಆಕಾಶ್ ಅಂತೆ, ಬ್ರಹ್ಮೋಸ್ ಅಂತೆ. ಹೊಡೆಯುವ ಅಸ್ತ್ರದ ಬಗ್ಗೆ ಮಾತಾಡುವುದು ಸುಲಭ. ಬೆಂಕಿ ಕಾಣುತ್ತದೆ, ಸದ್ದು ಕೇಳುತ್ತದೆ. ಆದರೆ ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ಒಂದೇ ಹೊತ್ತಿಗೆ ನೂರು ಚುಕ್ಕಿ ಪರದೆಯ ಮೇಲೆ ಮೂಡಿದಾಗ ಯಾವ ರಾಡಾರ್ ಯಾವ ಚುಕ್ಕಿಯನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಎರಡು ರಾಡಾರ್‌ಗಳು ಹೇಳುತ್ತಿರುವುದು ಒಂದೇ ವಸ್ತುವಿನ ಬಗ್ಗೆಯೋ ಎರಡರ ಬಗ್ಗೆಯೋ, ಯಾವುದನ್ನು ಸದ್ಯಕ್ಕೆ ಬಿಟ್ಟುಬಿಡಬಹುದು ಅನ್ನುವುದನ್ನು ಯಾರೋ ಅಥವಾ ಯಾವುದೋ ತೀರ್ಮಾನ ಮಾಡಬೇಕು. ವಾಯುಪಡೆಯ ಐಎಸಿಸಿಎಸ್, ಭೂಸೇನೆಯ ಆಕಾಶ್‌ತೀರ್ ವ್ಯವಸ್ಥೆಗಳು ಮಾಡುವುದು ಈ ಜಾತಿಯ ಕೆಲಸವನ್ನೇ. ಆಕಾಶ್‌ತೀರ್ ಕಟ್ಟಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಲ್. ಆದರೂ ಕನ್ನಡದ ಚಾನೆಲ್‌ಗಳಲ್ಲಿ ಈ ಬಗ್ಗೆ ಐದು ನಿಮಿಷದ ಚರ್ಚೆಯನ್ನೂ ನಾನು ನೋಡಲಿಲ್ಲ.

ರಾಡಾರ್ ಸಾಫ್ಟ್‌ವೇರ್ ಬರೆಯುವ ಕಸುಬಿನಲ್ಲೇ ನಾನು ತಲೆ ಬೆಳ್ಳಗೆ ಮಾಡಿಕೊಂಡವನು. ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುತ್ತಿದ್ದದ್ದು ಗಣಿತವನ್ನಲ್ಲ, ಮದುವೆ ಮನೆಯ ಪಂಕ್ತಿಯನ್ನು. ಬಡಿಸುವವರು ನಾಲ್ಕೇ ಜನ, ಕೂತವರು ಇನ್ನೂರು. ಸಾರಿನ ಬಕೆಟ್ ಹಿಡಿದವನು ಒಂದೇ ಎಲೆಯ ಮುಂದೆ ಉಪಚಾರ ಮಾಡುತ್ತಾ ನಿಂತರೆ ಆಚೆ ಸಾಲಿನವರು ಎದ್ದು ಹೋಗುತ್ತಾರೆ. ಇಬ್ಬರು ಒಂದೇ ಸಾಲಿಗೆ ಹೋದರೆ ಇನ್ನೊಂದು ಸಾಲಿಗೆ ಅನ್ನವೇ ಇಲ್ಲ. ರಾಡಾರ್ ಕಥೆಯೂ ಇಷ್ಟೇ. ಅದರ ಕೈಲಿರುವುದು ಸೆಕೆಂಡುಗಳು ಮತ್ತು ಶಕ್ತಿ. ಒಂದು ಗುರಿಯನ್ನು ಹೆಚ್ಚು ಹೊತ್ತು ನೋಡಿದರೆ ಅದರ ಜಾಗ ಸ್ಪಷ್ಟವಾಗುತ್ತದೆ, ಆದರೆ ಅಷ್ಟು ಹೊತ್ತು ಉಳಿದವು ಕುರುಡಿಗೆ ಬೀಳುತ್ತವೆ. ಹೊಸ ಗುರಿಗಳನ್ನು ಹುಡುಕಲೂ ಸಮಯ ಬೇಕು, ಸಿಕ್ಕಿದ್ದನ್ನು ಹಿಂಬಾಲಿಸಲೂ ಬೇಕು. ಬೇಗ ತಿರುವು ತೆಗೆದುಕೊಳ್ಳುವ ವಿಮಾನವನ್ನು ಪದೇ ಪದೇ ನೋಡಬೇಕು, ನೇರ ಹೋಗುತ್ತಿರುವುದನ್ನು ಆಗೊಮ್ಮೆ ಈಗೊಮ್ಮೆ ನೋಡಿದರೆ ಸಾಕು. ಇವತ್ತು ಈ ಹಂಚಿಕೆಯ ಮೇಲೆ ಪ್ರತಿವರ್ಷ ರಾಶಿ ರಾಶಿ ಸಂಶೋಧನಾ ಪ್ರಬಂಧ ಬರುತ್ತವೆ.

ಈ ಲೆಕ್ಕವನ್ನು ಕಂಪ್ಯೂಟರ್ ಇಲ್ಲದೆ, ಟೆಲಿಫೋನು, ಮೇಜು, ಬಣ್ಣದ ಬಿಲ್ಲೆಗಳನ್ನು ಇಟ್ಟುಕೊಂಡು, ಒಂದು ದೇಶದ ಅಳಿವು ಉಳಿವು ತಕ್ಕಡಿಯಲ್ಲಿ ತೂಗುತ್ತಿದ್ದಾಗ ಮಾಡಿ ತೋರಿಸಿದವನು ಹ್ಯೂ ಡೌಡಿಂಗ್. ಬ್ರಿಟನ್ ಕದನ ಅಂದರೆ ನಮಗೆ ಚರ್ಚಿಲ್ ನೆನಪಾಗುತ್ತಾನೆ, ಸ್ಪಿಟ್‌ಫೈರ್ ನೆನಪಾಗುತ್ತದೆ. ಬಂಗಾಳದ ಬರಗಾಲವನ್ನು ಮರೆಯದ ನಾವು ಚರ್ಚಿಲ್‌ನ ಭಜನೆ ಮಾಡಬೇಕಿಲ್ಲ. ಆದರೆ ಡೌಡಿಂಗ್‌ನನ್ನು ಗಮನಿಸಲೇಬೇಕು, ಯಾಕೆಂದರೆ ಅವನು ಗೆದ್ದದ್ದು ಬೇಡ ಅನ್ನುವ ಮಾತಿನಿಂದ.

ಡೌಡಿಂಗ್ ಹುಟ್ಟಿದ್ದು 1882ರ ಏಪ್ರಿಲ್ 24ರಂದು, ಸ್ಕಾಟ್ಲೆಂಡಿನ ಮಾಫಟ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಅಲ್ಲೊಂದು ಶಾಲೆ ನಡೆಸುತ್ತಿದ್ದ. ಹುಡುಗ ವಿಂಚೆಸ್ಟರ್‌ನಲ್ಲಿ ಓದಿ, ವೂಲ್‌ವಿಚ್‌ನ ಸೇನಾ ಅಕಾಡೆಮಿ ಮುಗಿಸಿ ಫಿರಂಗಿ ದಳಕ್ಕೆ ಸೇರಿದ. ಜಿಬ್ರಾಲ್ಟರ್, ಸಿಲೋನ್, ಹಾಂಗ್‌ಕಾಂಗ್ ಸುತ್ತಿ ಇಂಡಿಯಾಕ್ಕೂ ಬಂದು ಬೆಟ್ಟದ ಫಿರಂಗಿ ದಳದಲ್ಲಿ ಕೆಲವು ವರ್ಷ ಇದ್ದ. 1913ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವಿಮಾನ ಹಾರಿಸುವುದನ್ನು ಕಲಿತ. ಮುಂದಿನ ವರ್ಷವೇ ಮೊದಲ ಮಹಾಯುದ್ಧ. ಆ ಯುದ್ಧದ ಶುರುವಿನಲ್ಲೇ ಈತ ವಿಮಾನ ಮತ್ತು ನೆಲದ ನಡುವೆ ವೈರ್‌ಲೆಸ್ ಸಂಪರ್ಕದ ಪ್ರಯೋಗಗಳಲ್ಲಿ ತೊಡಗಿದ್ದ. ಮೇಲಿರುವ ವಿಮಾನಕ್ಕೆ ಕೆಳಗಿನಿಂದ ಮಾಹಿತಿ ಕೊಡಬಹುದು ಅನ್ನುವ ಯೋಚನೆ ಅಲ್ಲೇ ಮೊಳೆತಿತ್ತು ಅಂತ ನನಗನ್ನಿಸುತ್ತದೆ.

1916ರಲ್ಲಿ ಸೋಮ್ ಕದನದ ಹೊತ್ತಿಗೆ ಅವನ ಕೈಕೆಳಗಿನ ಪೈಲಟ್‌ಗಳು ದಿನಾ ಸಾಯುತ್ತಿದ್ದರು. ಬಳಲಿದ ಸ್ಕ್ವಾಡ್ರನ್‌ಗೆ ವಿಶ್ರಾಂತಿ ಕೊಡಿ ಅಂತ ಡೌಡಿಂಗ್ ಮೇಲಧಿಕಾರಿ ಟ್ರೆಂಚಾರ್ಡ್‌ಗೆ ಪಟ್ಟು ಹಿಡಿದು ಕೇಳಿದ. ಟ್ರೆಂಚಾರ್ಡ್‌ಗೆ ಇದು ಹಿಡಿಸಲಿಲ್ಲ. ಸ್ವಲ್ಪ ದಿನದಲ್ಲೇ ಡೌಡಿಂಗ್ ಇಂಗ್ಲೆಂಡಿಗೆ ವಾಪಸ್ಸು. ಯುದ್ಧ ಮುಗಿಯುವವರೆಗೆ ಮತ್ತೆ ರಣರಂಗ ಸಿಗಲಿಲ್ಲ. ಮನುಷ್ಯರೂ ಸವೆದುಹೋಗುವ ಸಂಪನ್ಮೂಲವೇ, ಅವರನ್ನೂ ಲೆಕ್ಕ ಹಾಕಿ ಖರ್ಚು ಮಾಡಬೇಕು ಅನ್ನುವ ಅವನ ಹಟಕ್ಕೆ ಇದು ಮೊದಲ ದಂಡ.

ಸ್ವಂತ ಬದುಕೂ ಹಗುರಾಗಿರಲಿಲ್ಲ. 1918ರಲ್ಲಿ ಮದುವೆಯಾದ. 1919ರಲ್ಲಿ ಮಗ ಡೆರೆಕ್ ಹುಟ್ಟಿದ. 1920ರಲ್ಲಿ ಹೆಂಡತಿ ಕ್ಲಾರಿಸ್ ತೀರಿಕೊಂಡಳು. ಮೊದಲೇ ಮಾತು ಕಡಿಮೆ, ಆಮೇಲಂತೂ ಚಿಪ್ಪಿನೊಳಗೆ ಸೇರಿಕೊಂಡ. ಸಹೋದ್ಯೋಗಿಗಳು ಅವನಿಗೆ ಸ್ಟಫಿ ಅಂತ ಅಡ್ಡಹೆಸರಿಟ್ಟಿದ್ದರು, ಬಿಗುಮಾನದ, ಉಸಿರುಗಟ್ಟಿಸುವ ಆಸಾಮಿ ಅನ್ನುವ ಅರ್ಥದಲ್ಲಿ. ಪಾರ್ಟಿಗೆ ಹೋಗಿ ಹೆಗಲ ಮೇಲೆ ಕೈ ಹಾಕಿ ಕೆಲಸ ಮಾಡಿಸಿಕೊಳ್ಳುವ ಕಲೆ ಅವನಿಗೆ ಒಗ್ಗಲೇ ಇಲ್ಲ. ಇದರ ಬೆಲೆಯನ್ನು ಮುಂದೆ ಬಡ್ಡಿ ಸಮೇತ ತೆತ್ತ.

1930ರಲ್ಲಿ ವಾಯುಪಡೆಯ ಪೂರೈಕೆ ಮತ್ತು ಸಂಶೋಧನೆಯ ಹೊಣೆ ಬಂತು. ಬಂದ ಕೆಲವೇ ದಿನದಲ್ಲಿ ಆರ್-101 ಅನ್ನುವ ದೈತ್ಯ ವಾಯುನೌಕೆ ಇಂಡಿಯಾಕ್ಕೆ ಹೊರಟಿದ್ದು ಫ್ರಾನ್ಸ್‌ನಲ್ಲಿ ಬಿದ್ದು 48 ಜನ ಸತ್ತರು. ಅದರ ಹಾರಾಟಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಇವನೂ ಇದ್ದ. ಆಮೇಲೆ ಪ್ರಯೋಗ ಆಗದ ಯಾವುದನ್ನೂ ನಂಬದ ಮನುಷ್ಯನಾದ. 1935ರ ಶುರುವಿನಲ್ಲಿ ರಾಬರ್ಟ್ ವಾಟ್ಸನ್-ವಾಟ್ ರೇಡಿಯೋ ಅಲೆಗಳಿಂದ ವಿಮಾನ ಪತ್ತೆ ಹಚ್ಚಬಹುದು ಅಂತ ಲೆಕ್ಕ ಬರೆದು ಕಳಿಸಿದಾಗ, ಕಾಗದ ನೋಡಿ ದುಡ್ಡು ಕೊಡಲು ಡೌಡಿಂಗ್ ಒಪ್ಪಲಿಲ್ಲ. ಮೊದಲು ಮಾಡಿ ತೋರಿಸಿ ಅಂದ. ಫೆಬ್ರವರಿ 26ರಂದು ಡ್ಯಾವೆಂಟ್ರಿ ಹತ್ತಿರದ ಹೊಲವೊಂದರಲ್ಲಿ, ಬಿಬಿಸಿಯ ಕಿರುತರಂಗ ಪ್ರಸಾರವನ್ನೇ ಬಳಸಿಕೊಂಡು, ಹೇಫರ್ಡ್ ಬಾಂಬರ್ ವಿಮಾನವೊಂದನ್ನು ಸುಮಾರು 8 ಮೈಲಿ ದೂರದವರೆಗೆ ಗುರುತಿಸಿದರು. ದುಡ್ಡು ಬಿಡುಗಡೆಯಾಯಿತು. ಹರಿಕೇನ್ ಮತ್ತು ಸ್ಪಿಟ್‌ಫೈರ್ ವಿಮಾನಗಳು ಕಾಗದದಿಂದ ಆಕಾಶಕ್ಕೆ ಏರಿದ್ದೂ ಅವನ ಇಲಾಖೆಯ ಕಾಲದಲ್ಲೇ.

1936ರ ಜುಲೈ 14ರಂದು ಫೈಟರ್ ಕಮಾಂಡ್ ಹುಟ್ಟಿತು. ಡೌಡಿಂಗ್ ಅದರ ಮೊದಲ ಮುಖ್ಯಸ್ಥ. ಕಚೇರಿ ಲಂಡನ್ ಹೊರವಲಯದ ಬೆಂಟ್ಲಿ ಪ್ರಯರಿ ಅನ್ನುವ ಹಳೆಯ ಬಂಗಲೆಯಲ್ಲಿ. ಮುಂದಿನ ನಾಲ್ಕು ವರ್ಷ ಅವನು ಅಲ್ಲಿ ಕಟ್ಟಿದ್ದನ್ನು ಇವತ್ತಿಗೂ ಡೌಡಿಂಗ್ ಸಿಸ್ಟಮ್ ಅಂತಲೇ ಕರೆಯುತ್ತಾರೆ. ಆಗಿನ ಸಾಮಾನ್ಯ ನಂಬಿಕೆ ಏನಾಗಿತ್ತೆಂದರೆ, ಬಾಂಬರ್‌ಗಳನ್ನು ತಡೆಯೋಕೆ ಆಗಲ್ಲ, ತಿರುಗಿ ಅವರ ಊರಿಗೆ ಬಾಂಬು ಹಾಕೋದೊಂದೇ ದಾರಿ. ಅದಕ್ಕೆ ಕಾರಣವೂ ಇತ್ತು. ಕಾವಲಿಗೆ ದಿನವಿಡೀ ವಿಮಾನ ಹಾರಿಸುತ್ತಿದ್ದರೆ ಇಂಜಿನ್ ಸವೆಯುತ್ತದೆ, ಪೆಟ್ರೋಲ್ ಖಾಲಿಯಾಗುತ್ತದೆ, ಶತ್ರು ಬರುವ ಹೊತ್ತಿಗೆ ಪೈಲಟ್ ನಿದ್ದೆ ತೂಗುತ್ತಿರುತ್ತಾನೆ. ಎಲ್ಲ ಕಡೆ ಕಾವಲು ಹಾಕುವಷ್ಟು ವಿಮಾನ ಯಾವ ದೇಶದ ಬಳಿಯೂ ಇರಲಿಲ್ಲ. ಶತ್ರು ಎಲ್ಲಿ ಬರುತ್ತಿದ್ದಾನೆ ಅಂತ ಮೊದಲೇ ಗೊತ್ತಾದರೆ ಮಾತ್ರ ಇರುವ ಕೆಲವೇ ವಿಮಾನಗಳನ್ನು ನೆಲದ ಮೇಲೆ ಕೂರಿಸಿ, ಬೇಕಾದಾಗ ಬೇಕಾದಲ್ಲಿಗೆ ಎಬ್ಬಿಸಬಹುದು.

ಹಾಗೆ ಕರಾವಳಿಯುದ್ದಕ್ಕೂ ಚೈನ್ ಹೋಮ್ ರಾಡಾರ್ ಕೇಂದ್ರಗಳು ಎದ್ದವು. 360 ಅಡಿಯ ಉಕ್ಕಿನ ಕಂಬಗಳಿಂದ ಅಲೆ ಹೊರಡುತ್ತಿತ್ತು, 240 ಅಡಿಯ ಮರದ ಕಂಬಗಳಲ್ಲಿ ಪ್ರತಿಧ್ವನಿ ಸಿಗುತ್ತಿತ್ತು. ಈಗಿನ ರಾಡಾರ್ ನೋಡಿದವರಿಗೆ ಇದು ಎತ್ತಿನಗಾಡಿ ಥರ ಕಾಣುತ್ತದೆ. ಆಂಟೆನಾ ತಿರುಗುತ್ತಿರಲಿಲ್ಲ, ಸಮುದ್ರದ ಕಡೆಗೆ ಒಟ್ಟಾರೆ ಬೆಳಕು ಚೆಲ್ಲುವ ದೀಪದಂತೆ ಅಲೆ ಚೆಲ್ಲುತ್ತಿತ್ತು. ಅಪರೇಟರ್ ಒಂದು ಗುಂಡಿಯನ್ನು ಕೈಯಲ್ಲೇ ತಿರುಗಿಸಿ ಒಂದೊಂದು ಪ್ರತಿಧ್ವನಿಯ ದಿಕ್ಕನ್ನು ಅಂದಾಜು ಮಾಡಬೇಕಿತ್ತು. ಆಮೇಲೆ ಎತ್ತರ. ಆಮೇಲೆ ಎಷ್ಟು ವಿಮಾನ ಇರಬಹುದು ಅಂತ ಚುಕ್ಕಿಯ ನಡುಕ ನೋಡಿ ಊಹೆ. ಅಂದರೆ ಒಂದು ಕೇಂದ್ರ ಒಂದು ಹೊತ್ತಿಗೆ ಒಂದೇ ದಾಳಿಯನ್ನು ಅಳೆಯಬಲ್ಲದು, ಉಳಿದವು ಕಾಯಬೇಕು. ಇದೇ ನೋಡಿ ನಾನು ಮೊದಲು ಹೇಳಿದ ಸಮಸ್ಯೆಯ ಮೂಲರೂಪ. ಕೆಳಮಟ್ಟದಲ್ಲಿ ಹಾರುವ ವಿಮಾನಗಳು ಈ ರಾಡಾರ್‌ಗೆ ಕಾಣುತ್ತಿರಲಿಲ್ಲ, ಅದಕ್ಕೆ ಒಂದೂವರೆ ಮೀಟರ್ ತರಂಗದ ಚೈನ್ ಹೋಮ್ ಲೋ ಕೇಂದ್ರಗಳನ್ನು ಬೇರೆ ಹಾಕಿದರು. ವಿಮಾನ ಕರಾವಳಿ ದಾಟಿ ಒಳಗೆ ಬಂದರೆ ಎರಡೂ ಕುರುಡು. ಅಲ್ಲಿಂದ ಮುಂದೆ ಅಬ್ಸರ್ವರ್ ಕೋರ್‌ನ ಸ್ವಯಂಸೇವಕರು ದುರ್ಬೀನು ಹಿಡಿದು ಗುಡ್ಡದ ಮೇಲೆ ನಿಂತು ಫೋನ್ ಮಾಡಬೇಕಿತ್ತು.

ಜರ್ಮನರ ಬಳಿ ಇದ್ದ ಫ್ರೇಯಾ ಮತ್ತು ವುರ್ಟ್ಸ್‌ಬುರ್ಗ್ ರಾಡಾರ್‌ಗಳು ಯಂತ್ರಗಳಾಗಿ ಇದಕ್ಕಿಂತ ಎಷ್ಟೋ ಉತ್ತಮ. ಬ್ರಿಟನ್ ಬಳಿ ಇದ್ದದ್ದು ಸಾಧಾರಣ ರಾಡಾರ್, ಅಸಾಧಾರಣ ಕೋಣೆ. ಆ ಕೋಣೆಯ ಹೆಸರು ಫಿಲ್ಟರ್ ರೂಮ್.

ಎಲ್ಲ ರಾಡಾರ್ ಕೇಂದ್ರಗಳ ಟೆಲಿಫೋನ್ ತಂತಿಗಳೂ ಬೆಂಟ್ಲಿ ಪ್ರಯರಿಯ ಈ ಒಂದು ಕೋಣೆಗೆ ಬರುತ್ತಿದ್ದವು. 1940ರಲ್ಲಿ ಅದು ನೆಲಮಾಳಿಗೆಗೆ ಇಳಿಯಿತು. ನಡುವೆ ಭೂಪಟ ಹಾಸಿದ ದೊಡ್ಡ ಮೇಜು. ಸುತ್ತ ಹೆಡ್‌ಫೋನ್ ಹಾಕಿಕೊಂಡ ಮಹಿಳಾ ವಾಯುದಳದ ಹೆಣ್ಣುಮಕ್ಕಳು, ಎಷ್ಟೋ ಮಂದಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಒಂದು ಕೇಂದ್ರ ಹೇಳಿದ ಜಾಗದಲ್ಲಿ ಒಂದು ಬಿಲ್ಲೆ, ಪಕ್ಕದ ಕೇಂದ್ರ ಹೇಳಿದ ಜಾಗದಲ್ಲಿ ಇನ್ನೊಂದು ಬಿಲ್ಲೆ. ಎರಡರ ನಡುವೆ ಹತ್ತಾರು ಮೈಲಿ ಅಂತರ. ಒಂದೇ ದಾಳಿಯಾ, ಎರಡಾ? ಚೈನ್ ಹೋಮ್ ದೂರವನ್ನು ಚೆನ್ನಾಗಿ ಅಳೆಯುತ್ತಿತ್ತು, ದಿಕ್ಕಿನಲ್ಲಿ ಎಡವುತ್ತಿತ್ತು. ಹಾಗಾಗಿ ದಿಕ್ಕನ್ನು ಬದಿಗಿಟ್ಟು, ಎರಡು ಕೇಂದ್ರಗಳಿಂದ ದೂರದ ಕಮಾನು ಎಳೆದು, ಅವು ಎಲ್ಲಿ ಕತ್ತರಿಸುತ್ತವೋ ಅಲ್ಲಿ ವಿಮಾನ ಇದೆ ಅಂತ ತೀರ್ಮಾನಿಸುತ್ತಿದ್ದರು. ಯಾವ ಕೇಂದ್ರ ಯಾವಾಗಲೂ ಜಾಸ್ತಿ ಹೇಳುತ್ತದೆ, ಯಾವುದು ಕಡಿಮೆ ಹೇಳುತ್ತದೆ ಅನ್ನುವುದು ಅನುಭವಸ್ಥ ಫಿಲ್ಟರರ್‌ಗೆ ಬಾಯಿಪಾಠ. ಒಂದು ಕೇಂದ್ರಕ್ಕೆ ಆ ದಾಳಿ ಬಿಡಿ, ಈ ಕಡೆ ನೋಡಿ ಅಂತ ಫೋನಿನಲ್ಲಿ ತಿರುಗಿ ಹೇಳುವುದೂ ಇಲ್ಲಿಂದಲೇ. ಎರಡು ರಾಡಾರ್ ಒಂದನ್ನೇ ದಿಟ್ಟಿಸುತ್ತಾ ಕೂತರೆ ಮೂರನೆಯದು ನುಸುಳಿಬಿಡುತ್ತದಲ್ಲ.

ಹೀಗೆ ಸೋಸಿ, ನಕಲುಗಳನ್ನು ತೆಗೆದು, ಒಂದು ದಾಳಿಗೆ ಒಂದು ಸಂಖ್ಯೆ ಕೊಟ್ಟ ಮೇಲೆಯೇ ಅದು ಪಕ್ಕದ ಕಾರ್ಯಾಚರಣೆ ಕೋಣೆಗೆ, ಅಲ್ಲಿಂದ ಗ್ರೂಪ್‌ಗಳಿಗೆ, ಸೆಕ್ಟರ್‌ಗಳಿಗೆ ಹೋಗುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಕೆಂಪು, ಹಳದಿ, ನೀಲಿ ಬಣ್ಣ. ಮಾಹಿತಿ ಬಂದ ಹೊತ್ತಿಗೆ ಮುಳ್ಳು ಯಾವ ಬಣ್ಣದಲ್ಲಿತ್ತೋ ಆ ಬಣ್ಣದ ಬಿಲ್ಲೆಯನ್ನೇ ಇಡಬೇಕು. ಮೇಜಿನ ಮೇಲೆ ಹಳೆಯ ಬಣ್ಣದ ಬಿಲ್ಲೆ ಕಂಡರೆ ಆ ಸುದ್ದಿ ಹಳಸಿದೆ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಮಾಹಿತಿಗೂ ಆಯಸ್ಸಿದೆ ಅನ್ನುವುದನ್ನು ಇಷ್ಟು ಅಗ್ಗವಾಗಿ ತೋರಿಸಿದ ಇನ್ನೊಂದು ವ್ಯವಸ್ಥೆಯನ್ನು ನಾನು ನೋಡಿಲ್ಲ. ನಾವು ಇವತ್ತು ಪರದೆಯ ಮೇಲೆ ಲಕ್ಷಾಂತರ ಬಣ್ಣ ಸುರಿಯುತ್ತೇವೆ, ಆದರೂ ಯಾವುದು ಹಳೆಯದು ಅಂತ ಹುಡುಕಬೇಕಾಗುತ್ತದೆ.

ಕಚ್ಚಾ ಮಾಹಿತಿಯನ್ನು ಎಲ್ಲರಿಗೂ ಕೊಟ್ಟುಬಿಡಿ, ಅವರವರೇ ನೋಡಿಕೊಳ್ಳಲಿ ಅನ್ನುವ ಒತ್ತಡ ಆಗಲೂ ಇತ್ತು, ಈಗಲೂ ಪ್ರತಿ ಪ್ರಾಜೆಕ್ಟ್‌ನಲ್ಲೂ ಇರುತ್ತದೆ. ಸೋಸದ ಮಾಹಿತಿ ಏನು ಮಾಡುತ್ತದೆ ಅನ್ನುವುದಕ್ಕೆ 1939ರ ಸೆಪ್ಟೆಂಬರ್ 6ರ ಬೆಳಗ್ಗೆ ಸಾಕ್ಷಿ. ಯುದ್ಧ ಶುರುವಾಗಿ ಮೂರೇ ದಿನ. ಶತ್ರು ಬರುತ್ತಿದ್ದಾನೆ ಅನ್ನುವ ತಪ್ಪು ಎಚ್ಚರಿಕೆಗೆ ವಿಮಾನಗಳು ಎದ್ದವು. ಆಗಿನ ರಾಡಾರ್‌ಗೆ ಮುಂದಿನದು ಯಾವುದು, ಬೆನ್ನ ಹಿಂದಿನದು ಯಾವುದು ಅನ್ನುವ ಗೊಂದಲ ಆಗುತ್ತಿತ್ತು. ಒಳನಾಡಿನಲ್ಲಿ ಎದ್ದ ತಮ್ಮದೇ ವಿಮಾನಗಳು ಸಮುದ್ರದ ಮೇಲಿನ ಶತ್ರುಗಳಂತೆ ಕಂಡವು, ಅವನ್ನು ತಡೆಯಲು ಇನ್ನಷ್ಟು ವಿಮಾನ ಎದ್ದವು, ಅವೂ ಶತ್ರುಗಳಾಗಿ ಕಂಡವು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಕೊನೆಗೆ ಸ್ಪಿಟ್‌ಫೈರ್‌ಗಳು ಎರಡು ಹರಿಕೇನ್‌ಗಳನ್ನು ಹೊಡೆದುರುಳಿಸಿದವು. ಮಾಂಟಗು ಹಲ್ಟನ್-ಹ್ಯಾರಪ್ ಅನ್ನುವ ಯುವ ಪೈಲಟ್ ತನ್ನವರ ಗುಂಡಿಗೇ ಸತ್ತ. ನಮ್ಮವರು ಯಾರು ಅಂತ ತಿಳಿಸುವ ಉಪಕರಣವನ್ನು ವಿಮಾನಗಳಿಗೆ ಬೇಗ ಅಳವಡಿಸುವ ಕೆಲಸ ಆಮೇಲೆ ಚುರುಕಾಯಿತು.

ನನ್ನ ಕಸುಬಿನವರಿಗೆ ಪ್ರಿಯವಾದ ಇನ್ನೊಂದು ಸಣ್ಣ ಸಂಗತಿ ಇದೆ, ಪಿಪ್-ಸ್ಕ್ವೀಕ್. ತಮ್ಮ ವಿಮಾನ ಎಲ್ಲಿದೆ ಅಂತ ತಿಳಿಯದೆ ಶತ್ರುವಿನ ಹತ್ತಿರ ಕಳಿಸುವುದು ಹೇಗೆ? ಪ್ರತಿ ಸ್ಕ್ವಾಡ್ರನ್‌ನ ಒಂದು ವಿಮಾನದ ರೇಡಿಯೋ ನಿಮಿಷಕ್ಕೆ 14 ಸೆಕೆಂಡು ತಾನಾಗಿ ಕೂಗುತ್ತಿತ್ತು. ಕೆಳಗೆ ಮೂರು ಕಡೆಯಿಂದ ಆ ಕೂಗಿನ ದಿಕ್ಕು ಹಿಡಿದು ಜಾಗ ಗುರುತಿಸುತ್ತಿದ್ದರು. ಒಂದು ನಿಮಿಷದಲ್ಲಿ ಇಂಥ ನಾಲ್ಕು ಸರದಿ. ಹಾಗಾಗಿ ಒಂದು ಸೆಕ್ಟರ್ ಒಂದು ಹೊತ್ತಿಗೆ ನಾಲ್ಕು ಸ್ಕ್ವಾಡ್ರನ್‌ಗಳ ಜಾಡು ಹಿಡಿಯಬಲ್ಲದು, ಐದನೆಯದಕ್ಕೆ ನಿಮಿಷದಲ್ಲಿ ಜಾಗವಿಲ್ಲ. ಆ 14 ಸೆಕೆಂಡು ಆ ವಿಮಾನದ ಪೈಲಟ್ ಮಾತಾಡುವಂತಿಲ್ಲ. ಇದನ್ನೇ ಈಗ ನಾವು ಟೈಮ್ ಸ್ಲಾಟ್ ಅಂತ ಕರೆದು ಕೋಡ್ ಬರೆಯುತ್ತೇವೆ.

1940ರ ಮೇ ತಿಂಗಳು. ಫ್ರಾನ್ಸ್ ಕುಸಿಯುತ್ತಿತ್ತು. ಇನ್ನಷ್ಟು ಹರಿಕೇನ್ ಸ್ಕ್ವಾಡ್ರನ್ ಕಳಿಸಿ ಅಂತ ಅಲ್ಲಿಂದ ದಿನಾ ಮೊರೆ. ಮಿತ್ರದೇಶ ಸಾಯುತ್ತಿರುವಾಗ ಇಲ್ಲ ಅನ್ನುವುದು ಹೇಗೆ? ಬ್ರಿಟನ್ ರಕ್ಷಣೆಗೆ ಕನಿಷ್ಠ 52 ಸ್ಕ್ವಾಡ್ರನ್ ಬೇಕು ಅಂತ ಸರ್ಕಾರವೇ ಹಿಂದೆ ಒಪ್ಪಿತ್ತು. ಆಗ ಉಳಿದಿದ್ದದ್ದು 36ರಷ್ಟು. ಡೌಡಿಂಗ್ ಕಚೇರಿಯಲ್ಲಿ ವಿಜ್ಞಾನಿಗಳ ಒಂದು ಸಣ್ಣ ತಂಡ ಇತ್ತು, ಹೆರಾಲ್ಡ್ ಲಾರ್ಂಡರ್ ಅದರ ಮುಖ್ಯಸ್ಥ. ಫ್ರಾನ್ಸ್‌ನಲ್ಲಿ ದಿನಕ್ಕೆಷ್ಟು ವಿಮಾನ ಹೋಗುತ್ತಿದೆ, ಕಾರ್ಖಾನೆಯಿಂದ ಎಷ್ಟು ಬರುತ್ತಿದೆ ಅಂತ ಅವರು ಗ್ರಾಫ್ ಬರೆದರು. ಇದೇ ವೇಗದಲ್ಲಿ ಹೋದರೆ ಕೆಲವೇ ದಿನದಲ್ಲಿ ಒಂದು ಹರಿಕೇನೂ ಉಳಿಯುವುದಿಲ್ಲ ಅನ್ನುವುದು ಅದರ ಸಾರ. ಮೇ 15ರಂದು ಡೌಡಿಂಗ್ ಸಚಿವ ಸಂಪುಟದ ಮುಂದೆ ಹೋಗಿ ಕೂತ. ಮರುದಿನ ಒಂದು ಪತ್ರವನ್ನೂ ಬರೆದ. ಭಾವುಕತೆ ಇಲ್ಲದ, ಲೆಕ್ಕದ ಪುಸ್ತಕದಂಥ ಪತ್ರ ಅದು. ಫ್ರಾನ್ಸ್ ಸೋತರೂ ಬ್ರಿಟನ್ ಹೋರಾಡುತ್ತದೆ ಅಂತ ನೀವು ನಂಬುವುದಾದರೆ, ಅದಕ್ಕೆ ಬೇಕಾದ ಪಡೆ ಎಷ್ಟು ಅಂತ ಹೇಳಿ, ಅದರ ಮೇಲೆ ಒಂದು ವಿಮಾನವನ್ನೂ ಕೇಳಬೇಡಿ ಅನ್ನುವ ಅರ್ಥ ಬರುತ್ತಿತ್ತು. ಅದೇ ದಿನ ಪ್ಯಾರಿಸ್‌ಗೆ ಹಾರಿದ ಚರ್ಚಿಲ್ ಅಲ್ಲಿಂದ ಮತ್ತಷ್ಟು ಸ್ಕ್ವಾಡ್ರನ್ ಕೇಳಿದ. ಕೆಲವು ಹೋದವು ಕೂಡಾ. ಆದರೆ ಸ್ವಲ್ಪ ದಿನದಲ್ಲಿ ಸೋರಿಕೆ ನಿಂತಿತು. ಫ್ರೆಂಚರ ದೃಷ್ಟಿಯಲ್ಲಿ ಇದು ಕೈಬಿಟ್ಟದ್ದೇ, ಅದರಲ್ಲಿ ಅನುಮಾನವಿಲ್ಲ. ನನ್ನ ಮಟ್ಟಿಗೆ ಡೌಡಿಂಗ್ ಬದುಕಿನ ಅತ್ಯಂತ ಕಷ್ಟದ ಮತ್ತು ಅತ್ಯಂತ ಸರಿಯಾದ ಹಂಚಿಕೆ ಇದೇ.

ಜುಲೈನಿಂದ ಅಕ್ಟೋಬರ್‌ವರೆಗೆ ನಡೆದ ಕದನವನ್ನು ಪೂರ್ತಿ ಹೇಳುವುದಕ್ಕೆ ಇದು ಜಾಗವಲ್ಲ, ಸಿನಿಮಾಗಳೇ ಬೇಕಾದಷ್ಟಿವೆ. ಹಂಚಿಕೆಯ ದೃಷ್ಟಿಯಿಂದ ಎರಡು ದಿನ ನೋಡಿದರೆ ಸಾಕು. ಆಗಸ್ಟ್ 12ರಂದು ಜರ್ಮನರು ನೇರ ರಾಡಾರ್ ಕೇಂದ್ರಗಳ ಮೇಲೆ ಬಿದ್ದರು. ಡೋವರ್, ರೈ, ಪೆವೆನ್ಸಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಲಸ ಶುರು ಮಾಡಿದವು. ವೆಂಟ್ನರ್ ಮಾತ್ರ ಹಲವು ದಿನ ಮೂಲೆ ಸೇರಿತು. ಆದರೆ ಅಲ್ಲಿಂದ ಸುಮ್ಮನೆ ಅಲೆ ಹೊರಡಿಸಿ ಕೇಂದ್ರ ಬದುಕಿದೆ ಅನ್ನುವ ನಾಟಕ ಆಡಿದರು, ಅಕ್ಕಪಕ್ಕದ ಕೇಂದ್ರಗಳು ಅದರ ಪಾಲಿನ ಆಕಾಶವನ್ನೂ ನೋಡಿಕೊಂಡವು. ಜಾಲದ ಲಾಭವೇ ಅದು, ಒಂದು ಕಣ್ಣು ಹೋದರೆ ಪಕ್ಕದ ಕಣ್ಣು ಸ್ವಲ್ಪ ಹೊರಳುತ್ತದೆ. ಮೂರೇ ದಿನದಲ್ಲಿ ಗೋರಿಂಗ್ ಈ ದಾಳಿಗಳಿಂದ ಪ್ರಯೋಜನವಿಲ್ಲ ಅಂತ ಕೈಬಿಡಲು ಹೇಳಿದ. ಅವನು ಮಾಡಿದ ದೊಡ್ಡ ಎಡವಟ್ಟುಗಳಲ್ಲಿ ಇದೂ ಒಂದು.

ಇನ್ನೊಂದು ಆಗಸ್ಟ್ 15. ದಕ್ಷಿಣದಲ್ಲಿ ಯುದ್ಧ ಕುದಿಯುತ್ತಿದ್ದಾಗ ಉತ್ತರದಲ್ಲಿ ಸುಮ್ಮನೆ ಕೂತಿರುವ ಸ್ಕ್ವಾಡ್ರನ್‌ಗಳು ಯಾಕೆ, ಎಲ್ಲವನ್ನೂ ಕೆಳಗೆ ತನ್ನಿ ಅನ್ನುವುದು ಯಾರಿಗಾದರೂ ಹೊಳೆಯುವ ಮಾತು. ಡೌಡಿಂಗ್ ಒಪ್ಪಿರಲಿಲ್ಲ. ದಣಿದ ಸ್ಕ್ವಾಡ್ರನ್‌ಗಳನ್ನು ಉತ್ತರಕ್ಕೆ ಕಳಿಸಿ, ಅಲ್ಲಿಂದ ಚೇತರಿಸಿಕೊಂಡವರನ್ನು ಕರೆಸಿಕೊಳ್ಳುತ್ತಿದ್ದ, ಆದರೆ ಆ ಕಡೆಯನ್ನು ಖಾಲಿ ಮಾಡುತ್ತಿರಲಿಲ್ಲ. ಆ ದಿನ ನಾರ್ವೆ ಮತ್ತು ಡೆನ್ಮಾರ್ಕ್‌ನಿಂದ ಜರ್ಮನ್ ಬಾಂಬರ್‌ಗಳು, ಉತ್ತರ ಬರಿದಾಗಿರುತ್ತದೆ ಅನ್ನುವ ನಂಬಿಕೆಯಲ್ಲಿ, ಮೆಸರ್‌ಶ್ಮಿಟ್ 109ರ ಬೆಂಗಾವಲಿಲ್ಲದೆ ಬಂದವು. ದೂರದಲ್ಲೇ ರಾಡಾರ್ ಹಿಡಿಯಿತು, ಸ್ಪಿಟ್‌ಫೈರ್‌ಗಳು ಕಾದು ಕೂತಿದ್ದವು. ಆ ಪಡೆ ಹಗಲು ಹೊತ್ತು ಮತ್ತೆ ಅಷ್ಟು ದೊಡ್ಡದಾಗಿ ಆ ಕಡೆ ಬರಲೇ ಇಲ್ಲ.

ಸೆಪ್ಟೆಂಬರ್ ಹೊತ್ತಿಗೆ ಕೊರತೆ ವಿಮಾನದ್ದಲ್ಲ, ಪೈಲಟ್‌ಗಳದ್ದು. ಆಗ ಸ್ಕ್ವಾಡ್ರನ್‌ಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ. ಎ ಮುಂಚೂಣಿಗೆ, ಬಿ ಬದಲಿಗೆ, ಸಿ ವರ್ಗದಿಂದ ಅನುಭವಿಗಳನ್ನು ತೆಗೆದು ಮುಂದಕ್ಕೆ ಕಳಿಸಿ ಅಲ್ಲಿ ಹೊಸಬರನ್ನು ಪಳಗಿಸುವುದು. ಇದು ಅವನಿಗೂ ಇಷ್ಟವಿರಲಿಲ್ಲ, ಒಟ್ಟಿಗೆ ಪಳಗಿದ ತಂಡಗಳು ಒಡೆದುಹೋಗುತ್ತಿದ್ದವು. ಕದನದಲ್ಲಿ ಹಾರಿದ ಸುಮಾರು ಮೂರು ಸಾವಿರ ಜನರಲ್ಲಿ 544 ಮಂದಿ ಸತ್ತರು. ಅವನ ಮಗ ಡೆರೆಕ್ ಕೂಡ 74ನೇ ಸ್ಕ್ವಾಡ್ರನ್‌ನಲ್ಲಿ ಪೈಲಟ್. ಯಾವ ಸ್ಕ್ವಾಡ್ರನ್ ಎಲ್ಲಿರಬೇಕು ಅನ್ನುವ ಪಟ್ಟಿಯಲ್ಲಿ ಮಗನ ಸ್ಕ್ವಾಡ್ರನ್ ಸಂಖ್ಯೆಯನ್ನೂ ಅವನೇ ಬರೆಯಬೇಕಿತ್ತು. ಡೆರೆಕ್ ಬದುಕುಳಿದ.

ಇಷ್ಟೆಲ್ಲ ಆದ ಮೇಲೆ ಹಾರ ಹಾಕಿದರೇ? ಇಲ್ಲ. ಲಂಡನ್ ಸುತ್ತಲಿನ 11ನೇ ಗ್ರೂಪ್‌ನ ಕೀತ್ ಪಾರ್ಕ್ ಸಣ್ಣ ಸಣ್ಣ ತಂಡಗಳನ್ನು ಬೇಗ ಎಬ್ಬಿಸುತ್ತಿದ್ದ. ಉತ್ತರಕ್ಕಿದ್ದ 12ನೇ ಗ್ರೂಪ್‌ನ ಲೀ-ಮ್ಯಾಲರಿಗೆ ದೊಡ್ಡ ದಂಡು ಕಟ್ಟಿ ಒಟ್ಟಿಗೆ ಎರಗಬೇಕು ಅನ್ನುವ ಹಂಬಲ. ಆ ದಂಡು ಒಟ್ಟುಗೂಡುವ ಹೊತ್ತಿಗೆ ಬಾಂಬು ಬಿದ್ದಾಗಿರುತ್ತದೆ ಅನ್ನುವುದು ಪಾರ್ಕ್ ವಾದ. ಮಾತುಕತೆ ಅಕ್ಟೋಬರ್ 17ರಂದು ವಾಯು ಸಚಿವಾಲಯದ ಸಭೆಯಲ್ಲಿ ವಿಚಾರಣೆಯ ರೂಪ ತಾಳಿತು. ಲೀ-ಮ್ಯಾಲರಿ ತನ್ನ ಪರ ಡಗ್ಲಸ್ ಬೇಡರ್ ಅನ್ನುವ ಹೆಸರಾಂತ ಪೈಲಟ್‌ನನ್ನೂ ಕರೆತಂದಿದ್ದ. ಡೌಡಿಂಗ್ ಎಂದಿನಂತೆ ತನ್ನ ಪರ ವಾದಿಸಲು ಬಾರದೆ ಕೂತ. ನವೆಂಬರ್ 25ಕ್ಕೆ ಅವನ ಜಾಗಕ್ಕೆ ಶೋಲ್ಟೋ ಡಗ್ಲಸ್ ಬಂದ. ಸ್ವಲ್ಪದರಲ್ಲೇ ಪಾರ್ಕ್‌ಗೂ ಎತ್ತಂಗಡಿ, ಅವನ ಕುರ್ಚಿಯಲ್ಲಿ ಲೀ-ಮ್ಯಾಲರಿ. 1941ರಲ್ಲಿ ಸಚಿವಾಲಯ ಈ ಕದನದ ಬಗ್ಗೆ ಪುಸ್ತಿಕೆ ತಂದಾಗ ಡೌಡಿಂಗ್ ಹೆಸರೇ ಅದರಲ್ಲಿರಲಿಲ್ಲ.

ಆದರೆ ಅವನನ್ನು ಹುತಾತ್ಮ ಮಾಡುವವರ ಜೊತೆ ನಾನಿಲ್ಲ. ಇಬ್ಬರು ಕೈಕೆಳಗಿನವರು ತಿಂಗಳುಗಟ್ಟಲೆ ಕಿತ್ತಾಡುತ್ತಿದ್ದಾಗ ಕೂರಿಸಿ ಇತ್ಯರ್ಥ ಮಾಡಬೇಕಾದವನು ಡೌಡಿಂಗೇ, ಮಾಡಲಿಲ್ಲ. ರಾತ್ರಿ ದಾಳಿಗಳ ವಿಷಯವೂ ಇತ್ತು. ಒಳನಾಡಿನಲ್ಲಿ ಕತ್ತಲಾದ ಮೇಲೆ ಚೈನ್ ಹೋಮ್ ಕುರುಡು, ವಿಮಾನದೊಳಗೆ ಇಡುವ ರಾಡಾರ್ ಇನ್ನೂ ಪಕ್ವವಾಗಿರಲಿಲ್ಲ. ನವೆಂಬರ್ 14ರ ರಾತ್ರಿ ಕೋವೆಂಟ್ರಿ ಸುಟ್ಟುಹೋಯಿತು. ಆ ರಾಡಾರ್ ಬರುವವರೆಗೆ ಬೇರೆ ದಾರಿಯಿಲ್ಲ ಅನ್ನುವ ಅವನ ಮಾತು ತಾಂತ್ರಿಕವಾಗಿ ಸರಿ. ಆದರೆ ಸುಡುತ್ತಿರುವ ಊರಿನವರಿಗೆ ಆ ಉತ್ತರ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಟರ್ ಕೆಲಸವನ್ನು ಗ್ರೂಪ್‌ಗಳಿಗೆ ಹಂಚಿ ಅಂತ ಸ್ಯಾಲ್ಮಂಡ್ ಸಮಿತಿ ಹೇಳಿದಾಗ ಡೌಡಿಂಗ್ ಒಪ್ಪಲಿಲ್ಲ. ಎಲ್ಲ ತಂತಿಗಳೂ ಒಂದೇ ಕೋಣೆಗೆ ಬಂದರೆ ದಾಳಿಗಳು ಹೆಚ್ಚಾದಾಗ ಆ ಕೋಣೆಯೇ ಕಟ್ಟಿಕೊಳ್ಳುತ್ತದೆ. ಆಕಾಶವನ್ನು, ವಿಮಾನಗಳನ್ನು, ಪೈಲಟ್‌ಗಳ ನಿದ್ದೆಯನ್ನು ಹಂಚಲು ಬಲ್ಲವನಿಗೆ ತೀರ್ಮಾನದ ಅಧಿಕಾರವನ್ನು ಹಂಚಲು ಮನಸ್ಸು ಬರಲಿಲ್ಲ. ಅವನು ಹೋದ ಮೇಲೆ ಗ್ರೂಪ್‌ಗಳಲ್ಲೇ ಫಿಲ್ಟರ್ ರೂಮ್‌ಗಳು ಬಂದವು. ಎಲ್ಲ ರಾಡಾರ್‌ಗಳ ಮಾಹಿತಿ ಒಂದೆಡೆ ಸೇರಿಸಬೇಕೋ, ಅಲ್ಲಲ್ಲೇ ಸೋಸಿ ಸಾರ ಮಾತ್ರ ಕಳಿಸಬೇಕೋ ಅನ್ನುವ ಜಗಳ ನನ್ನ ಕಸುಬಿನಲ್ಲಿ ಇವತ್ತಿಗೂ ಮುಗಿದಿಲ್ಲ. ಡ್ರೋನ್ ಹಿಂಡಿನ ಕಾಲದಲ್ಲಿ ಅದು ಇನ್ನಷ್ಟು ಬಿಗಡಾಯಿಸಿದೆ, ಅಗ್ಗದ ನೂರು ಡ್ರೋನ್ ಕಳಿಸುವವನ ಉದ್ದೇಶವೇ ಆ ಕೋಣೆಯನ್ನು ಕಟ್ಟಿಸುವುದು.

1942ರಲ್ಲಿ ನಿವೃತ್ತಿ, 1943ರಲ್ಲಿ ಬೆಂಟ್ಲಿ ಪ್ರಯರಿಯ ಬ್ಯಾರನ್ ಪದವಿ. ವಾಯುಪಡೆಯ ಅತ್ಯುನ್ನತ ಮಾರ್ಷಲ್ ದರ್ಜೆ ಮಾತ್ರ ಸಿಗಲೇ ಇಲ್ಲ. ಆಮೇಲಿನ ಡೌಡಿಂಗ್ ನೋಡಿದರೆ ಬೇರೆ ಮನುಷ್ಯನೇ ಅನ್ನಿಸುತ್ತದೆ. ಸತ್ತವರ ಜೊತೆ ಮಾತಾಡಬಹುದು ಅಂತ ನಂಬಿದ, ಸತ್ತ ಪೈಲಟ್‌ಗಳು ತನಗೆ ಸಂದೇಶ ಕಳಿಸುತ್ತಾರೆ ಅಂತ ಪುಸ್ತಕ ಬರೆದ. ಪ್ರಯೋಗ ಮಾಡಿ ತೋರಿಸದೆ ಹತ್ತು ಸಾವಿರ ಪೌಂಡು ಬಿಚ್ಚದ ಮನುಷ್ಯ ಇವನೇನಾ? ನಗುವುದು ಸುಲಭ. 544 ಹೆಸರುಗಳನ್ನು ಹೊತ್ತುಕೊಂಡು ಬದುಕುವವನಿಗೆ ಏನು ಬೇಕಿತ್ತೋ, ನಾನು ನಗಲಾರೆ. 1951ರಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡಿದ್ದ ಮ್ಯೂರಿಯಲ್ ವೈಟಿಂಗ್‌ಳನ್ನು ಮದುವೆಯಾದ. ಇಬ್ಬರೂ ಸಸ್ಯಾಹಾರಿಗಳು. ಪ್ರಾಣಿಗಳ ಮೇಲಿನ ಪ್ರಯೋಗದ ವಿರುದ್ಧ ಡೌಡಿಂಗ್ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮತ್ತೆ ಮತ್ತೆ ಮಾತಾಡಿದ. ಮ್ಯೂರಿಯಲ್ ಶುರು ಮಾಡಿದ ಬ್ಯೂಟಿ ವಿದೌಟ್ ಕ್ರೂಯೆಲ್ಟಿ ಚಳವಳಿಯ ಭಾರತೀಯ ಶಾಖೆ ಪುಣೆಯಲ್ಲಿ ಈಗಲೂ ಇದೆ.

ಬ್ರಿಟನ್ ಕದನದ ಮೇಲೆ ಸಿನಿಮಾ ತಯಾರಾಗುತ್ತಿದ್ದಾಗ ಗಾಲಿಕುರ್ಚಿಯಲ್ಲಿ ಕೂತು ಚಿತ್ರೀಕರಣ ನೋಡಲು ಹೋಗಿದ್ದ. ಅವನ ಪಾತ್ರ ಮಾಡಿದವನು ಲಾರೆನ್ಸ್ ಒಲಿವಿಯರ್. ಚಿತ್ರ 1969ರಲ್ಲಿ ತೆರೆಕಂಡಿತು. 1970ರ ಫೆಬ್ರವರಿ 15ರಂದು, 87ನೇ ವಯಸ್ಸಿನಲ್ಲಿ ಡೌಡಿಂಗ್ ತೀರಿಕೊಂಡ. ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇಟ್ಟಿದ್ದಾರೆ. ಬೆಂಟ್ಲಿ ಪ್ರಯರಿಯ ಸುತ್ತ ಈಗ ಐಷಾರಾಮಿ ಮನೆಗಳಿವೆ, ಬಂಗಲೆಯ ಒಂದು ಭಾಗ 2013ರಿಂದ ವಸ್ತುಸಂಗ್ರಹಾಲಯ. ಅವನು ಕೂತು ಕೆಲಸ ಮಾಡಿದ ಕೋಣೆಯನ್ನು ಅಲ್ಲಿ ಈಗಲೂ ನೋಡಬಹುದು.